ಕಟ್ಟೇಲಿ ಎಷ್ಟಡಿ ಐತೆ?

ಗೆಳೆಯಾ,

ಫೆಬ್ರವರಿಯಲ್ಲಿ ನಿನಗೆ 'ತಾತ ಹೋಗ್ಬಿಟ್ಟ ಕಣೋ' ಅಂತ ಒಂದು ಸಾಲು ಮೆಸೇಜ್ ಹಾಕಿ ಸುಮ್ಮನಾದೆ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಬೇರೆ ಏನೇನೋ ಮಾತಾಡಿದೆವು, ತಾತನ ವಿಷಯ ಬಂದ ತಕ್ಷಣ ನನ್ನ ಬಾಯಿ ಕಟ್ಟಿತು. ನೀನೂ ಕೆದಕಲಿಲ್ಲ. ಅಷ್ಟು ದೂರದ ದೇಶದಲ್ಲಿ ಕೂತು, ಮಣ್ಣಿಗೆ ಬರೋಕಾಗಲಿಲ್ಲ ಅಂತ ನೀನು ಒದ್ದಾಡಿದ್ದು ನನಗೆ ಗೊತ್ತು. ಇವತ್ತು ಭಾನುವಾರ. ಮನೆಯಲ್ಲಿ ಯಾರೂ ಇಲ್ಲ, ಹೊರಗೆ ಜಿಟಿಜಿಟಿ ಮಳೆ. ಎಲ್ಲಾ ಬರೆದುಬಿಡುತ್ತೇನೆ.

ಮೊದಲು ಆ ಫೋನಿನ ವಿಷಯ. ಮೈಸೂರಿನಲ್ಲಿ ಓದುವಾಗ ನಾನು ವಾರಕ್ಕೊಂದು ಸಲ ಹಾಸ್ಟೆಲ್ ಪಕ್ಕದ ಅಂಗಡಿಯ ಕಾಯಿನ್ ಫೋನಿನಿಂದ ಊರಿಗೆ ಮಾತಾಡುತ್ತಿದ್ದೆ. ಒಂದು ರೂಪಾಯಿ ಹಾಕಿ, ಅಜ್ಜಿ ಎತ್ತಿ, 'ಇರು ಮಗ, ನಿಮ್ ತಾತ ಇಲ್ಲೇ ನಿಂತವ್ನೆ' ಅಂತ ಕೊಡುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತಿತ್ತು. ತಾತ 'ಹೆಂಗಿದ್ದೀಯ' ಅಂತ ಒಂದು ದಿನವೂ ಕೇಳಲಿಲ್ಲ. 'ಕಟ್ಟೇಲಿ ಎಷ್ಟಡಿ ಐತೆ?' ಅಷ್ಟೇ. ನಾನು ಮರೆಯುತ್ತೇನೆ ಅಂತ ನೀನೇ ರೀಡಿಂಗ್ ರೂಮಿನಲ್ಲಿ ಪೇಪರ್ ನೋಡಿ ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಅಂಕಿ ಬರೆದು ಕಳಿಸುತ್ತಿದ್ದೆ, ನೆನಪಿದೆಯಾ? ಒಂದು ಸಲ ಬೆವರಿಗೆ ಅಳಿಸಿಹೋಗಿ, 98ನೋ 93ನೋ ಗೊತ್ತಾಗದೆ, ನಾನು ಫೋನನ್ನೇ ಮಾಡದೆ ವಾಪಸ್ ಬಂದಿದ್ದೆ.

ನೀನು ಮಲೆನಾಡಿನವನು. ಮಳೆ ನಿಂತರೆ ಸಾಕಪ್ಪಾ ಅನ್ನುವ ಮನೆಯಲ್ಲಿ ಹುಟ್ಟಿದವನು. ಆಗ ನಿನಗೆ ಇದು ವಿಚಿತ್ರ ಅನ್ನಿಸಿತ್ತು, ನಾನೂ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ಕನ್ನಂಬಾಡಿ ಕಟ್ಟೆ, ಅದೇ ಕೆಆರ್‌ಎಸ್ ಅಣೆಕಟ್ಟು, ಪೂರ್ತಿ ತುಂಬಿದರೆ 124.80 ಅಡಿ. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಹುಲಿಕೆರೆ ಹತ್ತಿರ ಸುರಂಗದಲ್ಲಿ ನುಗ್ಗಿ, ಮಂಡ್ಯದ ಬಯಲಿಗೆಲ್ಲ ಹಂಚಿಕೊಂಡು, ಮದ್ದೂರು, ಮಳವಳ್ಳಿ ಕಡೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ನಮ್ಮದು ಆ ಕೊನೆಯ ಭಾಗ. ಮೇಲಿನವರ ಗದ್ದೆ ನೆನೆದು, ಅವರ ಕಬ್ಬು ಕುಡಿದು, ಮಿಕ್ಕಿದ್ದು ನಮಗೆ. ಕಟ್ಟೆಯಲ್ಲಿ ನಾಲ್ಕು ಅಡಿ ಕಮ್ಮಿ ಅಂದರೆ ಮೇಲಿನವರಿಗೆ ಬರೀ ಚಿಂತೆ, ನಮಗೆ ಒಂದು ಬೆಳೆಯೇ ಇಲ್ಲ. ತಾತ ಆ ಒಂದು ಅಂಕಿಯಿಂದಲೇ ಲೆಕ್ಕ ಹಾಕುತ್ತಿದ್ದ. ಭತ್ತದ ಸಸಿಗೆ ಒಟ್ಲು ಬಿಡಬೇಕಾ, ರಾಗಿಗೆ ಹೋಗಬೇಕಾ, ಸೊಸೈಟಿಯಲ್ಲಿ ಗೊಬ್ಬರಕ್ಕೆ ಹೇಳಬೇಕಾ, ನನ್ನ ಫೀಸಿಗೆ ಎಲ್ಲಿಂದ ತರೋದು, ಎಲ್ಲಾ ಅದರಿಂದಲೇ. ಅಂದರೆ ಹೆಂಗಿದ್ದೀಯ ಅನ್ನುವುದೂ ಅದರೊಳಗೇ ಇತ್ತು. ಇದು ಗೊತ್ತಾಗುವುದಕ್ಕೆ ನನಗೆ ತುಂಬಾ ವರ್ಷ ಬೇಕಾಯಿತು.

ತಾತ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆ ಆದ ವರ್ಷ ಅಂತ ಅವರಪ್ಪ ಹೇಳುತ್ತಿದ್ದರಂತೆ. ಅಂದರೆ 1939. ಅವರಪ್ಪ ನಾಲೆ ಬರುವ ಮುಂಚಿನ ಕಾಲ ಕಂಡವರು. ಆಗ ರಾಗಿ, ಹುರುಳಿ, ಕೆರೆ ಕೆಳಗೆ ಒಂದಿಷ್ಟು ಭತ್ತ. 1911ರಲ್ಲಿ ಶುರುವಾದ ಕಟ್ಟೆ ಕೆಲಸ ಮುಗಿಯುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಆಮೇಲೆ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು, ಆಗ ಕೃಷಿ ಇಲಾಖೆ ನಿರ್ದೇಶಕರಾಗಿದ್ದ ಕೆನಡಾದ ಕೋಲ್ಮನ್ ಅದಕ್ಕೆ ದುಡಿದವರು. ಇದೆಲ್ಲ ನಾನು ಪುಸ್ತಕದಲ್ಲಿ ಓದುವ ಮುಂಚೆ ಜಗಲಿ ಮೇಲೆ ಕೇಳಿದ್ದು. ನಮ್ಮ ನಡುಮನೆಯಲ್ಲಿ ದೇವರ ಪಟದ ಸಾಲಿನಲ್ಲೇ ನಾಲ್ವಡಿಯವರ ಪಟ, ವಿಶ್ವೇಶ್ವರಯ್ಯನವರ ಪಟ ಇದ್ದದ್ದು ನೀನೂ ನೋಡಿದ್ದೀಯ. ನೀನು ಅದಕ್ಕೂ ಯಾಕೆ ಕುಂಕುಮ ಅಂತ ಕೇಳಿದ್ದೆ. ತಾತ ನಿನ್ನ ತಟ್ಟೆ ಕಡೆ ಕೈ ತೋರಿಸಿ 'ಆ ಅನ್ನ ಎಲ್ಲಿಂದ ಬಂತು?' ಅಂದಿದ್ದ.

ಅವನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುವುದು ಕಷ್ಟವಾಗುತ್ತಿತ್ತು, ಆದರೆ ಅಂಕಿಯಲ್ಲಿ ಅವನನ್ನು ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಕೊಟ್ಟಿಗೆ ಬಾಗಿಲ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಅಡಿ ಲೆಕ್ಕ ಬರೆಯುತ್ತಿದ್ದ. ಹೊಸ ಅಂಕಿ ಬಂದರೆ ಹಳೆಯದನ್ನು ಅಳಿಸುತ್ತಿರಲಿಲ್ಲ, ಕೆಳಗೆ ಬರೆಯುತ್ತಿದ್ದ. ಬಾಗಿಲು ತುಂಬಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮೇಲಿನಿಂದ ಶುರು.

ಈಗ ಒಂದು ರಾತ್ರಿಯ ಮಾತು ಹೇಳಬೇಕು. ಇದನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ.

ನನಗೆ ಹನ್ನೆರಡು ವರ್ಷ. ನಾಲೆಯಲ್ಲಿ ಕಟ್ಟು ನೀರು, ಅಂದರೆ ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಬಿಟ್ಟ ದಿನಗಳಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಗದ್ದೆಗೆ ಕಟ್ಟಿಕೊಳ್ಳಬೇಕು. ನಮ್ಮ ಸರದಿ ಯಾವಾಗಲೂ ಅಪರಾತ್ರಿಯಲ್ಲೇ ಬೀಳುತ್ತಿತ್ತು. ಬೇರೆಯವರು ನೀರುಗಂಟಿಗೆ ಏನಾದರೂ ಕೊಟ್ಟು, ಇಲ್ಲ ಸುಮ್ನೆ ಕತ್ತಲಲ್ಲಿ ಹೋಗಿ ಕಾಲುವೆಯಿಂದ ಗದ್ದೆಗೆ ನೀರು ತಿರುಗುವ ಮಡೆ ಒಡೆದು, ಮುಂಚೆಯೇ ತಿರುವಿಕೊಳ್ಳುತ್ತಿದ್ದರು. ತಾತ ಮಾತ್ರ ಸರದಿಗೆ ಒಂದು ಗಳಿಗೆ ಮುಂಚೆ ಮಡೆ ಮುಟ್ಟುತ್ತಿರಲಿಲ್ಲ. ಬದು ಮೇಲೆ ಕೂತು, ಚಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದ. ಅಪ್ಪನಿಗೆ ಅದಕ್ಕೇ ಕೋಪ. 'ನೀನೊಬ್ಬನೇ ಧರ್ಮರಾಯ' ಅಂತ ಕೂಗಾಡುತ್ತಿದ್ದರು.

ಆ ರಾತ್ರಿ ಟಾರ್ಚ್ ಹಿಡಿಯಲಿಕ್ಕೆ ನನ್ನನ್ನು ಕರೆದುಕೊಂಡು ಹೋದ. ಎರಡು ಗಂಟೆ ಇರಬೇಕು. ಮೂಡಗಾಳಿ, ಗದ್ದೆಯಲ್ಲಿ ಕಪ್ಪೆ ಸದ್ದು, ಕಾಲುವೆಯಲ್ಲಿ ನೀರು ಬರುತ್ತಿದ್ದದ್ದು ಕಿವಿಗೆ ಮೊದಲು ಗೊತ್ತಾಯಿತು, ಆಮೇಲೆ ಕಣ್ಣಿಗೆ. ನಮ್ಮ ಗದ್ದೆಗೆ ಮುಂಚೆ ಚಿಕ್ಕತಾತನ ಗದ್ದೆ. ಭಾಗ ಆದಾಗ ಒಂದು ಹುಣಸೆಮರದ ಮೇಲೆ ಅಣ್ಣ ತಮ್ಮನಿಗೆ ಜಗಳ ಬಿದ್ದು ಹನ್ನೆರಡು ವರ್ಷ ಆಗಿತ್ತು, ಮಾತಿಲ್ಲ, ಕತೆಯಿಲ್ಲ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿರಲಿಲ್ಲ. ಆ ವರ್ಷ ಚಿಕ್ಕತಾತ ಕಾಮಾಲೆಯಾಗಿ ಮಲಗಿದ್ದ. ಅವನ ಮಕ್ಕಳು ಚಿಕ್ಕವರು. ಅವನ ಸರದಿ ಆವತ್ತು ಸಂಜೆಯೇ ಬಂದು ಹೋಗಿತ್ತು, ಕಟ್ಟುವವರಿಲ್ಲದೆ ನೀರು ಮುಂದಕ್ಕೆ ಹೋಗಿತ್ತು. ಪೈರು ನಾಟಿ ಆಗಿ ತಿಂಗಳೂ ಆಗಿರಲಿಲ್ಲ, ಗದ್ದೆ ಬಿರುಕು ಬಿಟ್ಟಿತ್ತು.

ತಾತ ಸನಿಕೆ ತೆಗೆದುಕೊಂಡು ತನ್ನ ಸರದಿಯ ನೀರನ್ನು ಚಿಕ್ಕತಾತನ ಗದ್ದೆಗೆ ತಿರುವಿದ. ನಾನು 'ತಾತಾ, ಅದು ಅವ್ರ್ದು' ಅಂದೆ. ತಪ್ಪಿ ಮಾಡುತ್ತಿದ್ದಾನೆ ಅಂತಲೇ ನಾನು ತಿಳಿದಿದ್ದು. ಅವನು ತಲೆ ಎತ್ತದೆ ಹೇಳಿದ. 'ಜಗಳ ನಮ್ದು. ಪೈರು ಏನ್ ಮಾಡ್ತು?'

ನಾಲ್ಕೂವರೆವರೆಗೆ ಆ ಗದ್ದೆಯಲ್ಲೇ ನೀರು. ಉಳಿದ ಒಂದು ಗಂಟೆಯಲ್ಲಿ ನಮ್ಮದು ಅರ್ಧ ನೆನೆಯಿತು, ಅರ್ಧ ಒಣಗಿತು. ಆ ವರ್ಷ ನಮಗೆ ಎರಡು ಪಲ್ಲ ಭತ್ತ ಕಮ್ಮಿ ಆಯಿತು ಅಂತ ಅಪ್ಪ ತುಂಬಾ ದಿನ ಗೊಣಗಿದರು. ಕಾರಣ ಅವರಿಗೆ ಗೊತ್ತಾಗಲೇ ಇಲ್ಲ. ಮನೆಗೆ ಬರುವಾಗ ತಾತ 'ಇದು ಬಾಯಿಗೆ ಬರಬಾರ್ದು' ಅಂದಿದ್ದ, ಅಷ್ಟೇ. ಅವನು ಇರುವವರೆಗೆ ಬರಲಿಲ್ಲ. ಈಗ ನಿನ್ನ ಮುಂದೆ ಬರುತ್ತಿದೆ.

ನಿನಗೆ ಗೊತ್ತಿರುವ ತಾತ ಬೇರೆ ಅನ್ನಿಸಬಹುದು. ನೀನು ಕಂಡದ್ದು 2006ರ ಸಂಕ್ರಾಂತಿಯ ತಾತನನ್ನು. ಎತ್ತುಗಳ ಮೈಗೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವಾಗ ಆ ವಯಸ್ಸಿನಲ್ಲೂ ಹಗ್ಗ ಹಿಡಿದು ಬೆಂಕಿ ಮೇಲೆ ಹಾರಿದ ತಾತ. ನೀನು ಮುದ್ದೆ ಅಗಿಯುತ್ತಾ ಕೂತಿದ್ದಾಗ 'ನುಂಗ್ಲಾ ಮಗ, ಅದ್ಕೇನ್ ಮೂಳೆ ಐತಾ' ಅಂತ ಬೆನ್ನು ತಟ್ಟಿದ ತಾತ. ಮಾರನೇ ದಿನ ಆಲೆಮನೆಗೆ ಕರೆದುಕೊಂಡು ಹೋಗಿದ್ದ. ನೀನು ಇವತ್ತಿಗೂ ಆ ಬಿಸಿ ಬೆಲ್ಲದ ವಾಸನೆ ಬಗ್ಗೆ ಹೇಳುತ್ತೀಯ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆ ಏಳುವಾಗ ಅವನು ಬೆಂಡೆಗಿಡ ಜಜ್ಜಿದ ಲೋಳೆ ನೀರು ಹಾಕಿ ಕೊಳೆಯನ್ನು ಮೇಲೆ ತರುತ್ತಿದ್ದ, ಜಾಲರಿಯಲ್ಲಿ ತೆಗೆಯುತ್ತಿದ್ದ. ಪಾಕ ಬಂತಾ ಅಂತ ನೋಡಲು ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟುತ್ತಿದ್ದ. ಆಗಲೇ ಎಲ್ಲರೂ ಬೆಲ್ಲ ಬೆಳ್ಳಗಾಗಲಿ ಅಂತ ರಾಸಾಯನಿಕ ಪುಡಿ ಹಾಕುತ್ತಿದ್ದರು. ಮಂಡ್ಯದ ಮಾರುಕಟ್ಟೆಯಲ್ಲಿ ಬಿಳಿ ಬೆಲ್ಲಕ್ಕೆ ರೇಟು ಜಾಸ್ತಿ. ತಾತನ ಅಚ್ಚುಬೆಲ್ಲ ಕಂದು ಬಣ್ಣ, ಅದಕ್ಕೆ ಕಮ್ಮಿ. ಅವನು ಹಾಕಲೇ ಇಲ್ಲ. 'ನಾಕ್ ಜನ್ರ ಮಕ್ಳು ತಿನ್ನೋದು' ಅನ್ನುತ್ತಿದ್ದ. ಹಾಸ್ಟೆಲಿಗೆ ಅವನು ಕಟ್ಟಿ ಕಳಿಸಿದ ಆ ಕಂದು ಬೆಲ್ಲವನ್ನು ನೀನು ಮೂರು ದಿನಕ್ಕೆ ಖಾಲಿ ಮಾಡಿದ್ದೆ.

ಅವನನ್ನು ದೇವರು ಮಾಡಿ ಬರೆಯಲು ನನಗೆ ಇಷ್ಟವಿಲ್ಲ. ನಮ್ಮ ಅತ್ತೆಯನ್ನು ಏಳನೇ ಕ್ಲಾಸಿಗೆ ಬಿಡಿಸಿದವನು ಅವನೇ. ಓದಿನಲ್ಲಿ ಅತ್ತೆ ಅಪ್ಪನಿಗಿಂತ ಚುರುಕು. ಹೈಸ್ಕೂಲು ಪಕ್ಕದ ಊರಲ್ಲಿ, ಎರಡು ಮೈಲಿ ನಾಲೆ ಏರಿ ಮೇಲೆ ನಡೆಯಬೇಕು, ಹೆಣ್ಣು ಹುಡುಗಿ ಬೇಡ ಅಂದುಬಿಟ್ಟ. ಅದು ತಪ್ಪು. ಆಗ ಎಲ್ಲರೂ ಹಾಗೇ ಇದ್ದರು ಅನ್ನುವುದು ಸಾಕಾಗುವುದಿಲ್ಲ, ಬೇರೆಯವರ ಹಾಗೆ ಮಡೆ ಒಡೆಯದವನು ಇದರಲ್ಲೂ ಬೇರೆಯವರ ಹಾಗೆ ಆಗಬೇಕಾಗಿರಲಿಲ್ಲ. ಅತ್ತೆಗೆ ಇವತ್ತಿಗೂ ಆ ನೋವಿದೆ. ತಾತನಿಗೂ ಇತ್ತು ಅಂತ ನನಗೆ ಗೊತ್ತಾಗಿದ್ದು ಅತ್ತೆಯ ಮಗಳು ಪಿಯುಸಿಯಲ್ಲಿ ಪಾಸಾದಾಗ. ಅವನು ಮನೆಗೆ ಅಂತ ಮೂರು ಗುಂಟೆಯಲ್ಲಿ ಬೆಳೆಯುತ್ತಿದ್ದ ರಾಜಮುಡಿ ಅಕ್ಕಿಯ ಮೂಟೆ ಹೊತ್ತುಕೊಂಡು, ಎರಡು ಬಸ್ ಬದಲಾಯಿಸಿ ಅತ್ತೆ ಮನೆಗೆ ಹೋದ. ಹೋಗಿ ಹೊಸಲಲ್ಲಿ ನಿಂತು, 'ನಿನ್ಗೂ ಓದ್ಸಬೇಕಿತ್ತು ಕಣವ್ವ' ಅಂದನಂತೆ. ಅತ್ತೆ ಏನೂ ಹೇಳದೆ ನೀರು ಕೊಟ್ಟಳಂತೆ. ಇದನ್ನು ಅತ್ತೆ ನನಗೆ ಹೇಳಿದ್ದು ಅವನ ತಿಥಿ ದಿನ, ಅಡುಗೆ ಒಲೆ ಮುಂದೆ ಕೂತು.

2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲೇ ಇಲ್ಲ. ಆ ಸೆಪ್ಟೆಂಬರ್‌ನಲ್ಲಿ ಮಂಡ್ಯದಲ್ಲಿ ದಿನಾ ಧರಣಿ. ಎಂಬತ್ತನಾಲ್ಕು ವರ್ಷದ ಮುದುಕ ಹಟ ಮಾಡಿ ಊರಿನವರ ಜೊತೆ ಟೆಂಪೋ ಹತ್ತಿ ಹೋಗಿ ವಿಶ್ವೇಶ್ವರಯ್ಯನವರ ಪ್ರತಿಮೆ ಹತ್ತಿರ ಒಂದು ದಿನ ಪೂರ್ತಿ ಕೂತು ಬಂದ. ಘೋಷಣೆ ಕೂಗಲಿಲ್ಲವಂತೆ, ಮಜ್ಜಿಗೆ ಹಂಚಿದನಂತೆ. ಆ ವರ್ಷ ನಮ್ಮ ಗದ್ದೆಯಲ್ಲಿ ಭತ್ತ ಇಲ್ಲ. ಮೇಲ್ಗಡೆ ಹೊಲಕ್ಕೆ ಇಂಡಾಫ್ ರಾಗಿ ಚೆಲ್ಲಿದ. ಆ ತಳಿಯನ್ನು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಹೆಸರನ್ನು ಅವನು ಚಪ್ಪಲಿ ಬಿಟ್ಟು ಹೇಳುತ್ತಿದ್ದ. 'ನೀರಿಲ್ದಾಗ ನಮ್ನ ಉಳ್ಸಿದ್ದು ಆವಯ್ಯ' ಅನ್ನುತ್ತಿದ್ದ.

ಮುಂದಿನ ವರ್ಷ ಜುಲೈನಲ್ಲಿ ಕಟ್ಟೆ ತುಂಬಿತು. ನಾನು ಫೋನ್ ಮಾಡಿ 'ತಾತಾ, ನೂರಿಪ್ಪತ್ನಾಲ್ಕು ಪಾಯಿಂಟ್ ಎಂಬತ್ತು' ಅಂದೆ. ಆ ಕಡೆ ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ 'ತೋರುಸ್ತೀಯಾ?' ಅಂದ. ಜೀವಮಾನ ಪೂರ್ತಿ ಅದರ ಅಡಿ ಕೇಳಿದವನು ಆ ಕಟ್ಟೆಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಅದೂ ಮದುವೆಯಾದ ಹೊಸದರಲ್ಲಿ. ಕಾರಿನಲ್ಲಿ ಕರೆದುಕೊಂಡು ಹೋದೆ. ಗೇಟುಗಳನ್ನು ತೆಗೆದಿದ್ದರು, ಜನವೋ ಜನ, ಎಲ್ಲರೂ ಫೋಟೋ ತೆಗೆಯುತ್ತಿದ್ದರು, ಹನಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ತಾತ ನನ್ನ ತೋಳು ಹಿಡಿದುಕೊಂಡು ನಿಂತಿದ್ದ. ತುಂಬಾ ಹೊತ್ತಾದ ಮೇಲೆ ಕೇಳಿದ. 'ಇದ್ರಲ್ಲಿ ನಮ್ ಕಾಲ್ವೆಗ್ ಬರೋದು ಯಾವ್ದು?' ಇದು ನದಿಗೆ ಹೋಗುವ ನೀರು, ನಾಲೆಗೆ ಬೇರೆ ತೂಬು ಅಂದೆ. ಹೌದಾ ಅಂದ. ಸ್ವಲ್ಪ ಸಪ್ಪಗಾದ. ಆದರೂ ಕೈ ಮುಗಿದ.

ಈಗ ಬರೆಯಲು ಕಷ್ಟವಾದ ಭಾಗ.

ಜನವರಿ ಕೊನೆಗೆ ಉಸಿರಿನ ತೊಂದರೆ ಜಾಸ್ತಿಯಾಗಿ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಇದ್ದ. ನಾನು ಆಫೀಸು, ಆಸ್ಪತ್ರೆ, ಮನೆ ಅಂತ ಓಡಾಡಿಕೊಂಡಿದ್ದೆ. ದಿನಾ ಬೆಳಗ್ಗೆ ಹೋದಾಗ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ ಅದೇ ಮಾತು. 'ಎಷ್ಟಡಿ?' ದಿನಾ ನೋಡಿಕೊಂಡು ಹೋಗಿ ಹೇಳುತ್ತಿದ್ದೆ. ಎಂಟನೇ ದಿನ ನೋಡಿರಲಿಲ್ಲ. ಬಿಲ್ಲಿನ ಚಿಂತೆ, ನಿದ್ದೆಯಿಲ್ಲ, ಮರೆತುಹೋಗಿತ್ತು. ಸುಮ್ನೆ ಬಾಯಿಗೆ ಬಂದ ಒಂದು ಅಂಕಿ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಹೋದ ಅಂದುಕೊಂಡೆ. ಆಮೇಲೆ ನಿಧಾನಕ್ಕೆ ಹೇಳಿದ.

'ಸುಳ್ಳು. ಮಳೆ ಇಲ್ದೆ ನೆನ್ನೆಗಿಂತ ಜಾಸ್ತಿ ಹೆಂಗಾಯ್ತದೆ?'

ಬೈಯಲಿಲ್ಲ ಕಣೋ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಮೇಲೆ ಕೈ ಇಟ್ಟು ಹಾಗೇ ಮಲಗಿದ. ಮಾರನೇ ದಿನ ನಸುಕಿನಲ್ಲಿ ಹೋದ. ಅವನಿಗೆ ನಾನು ಹೇಳಿದ ಕೊನೆಯ ಮಾತು ಒಂದು ತಪ್ಪು ಅಂಕಿ. ನಿನಗೆ ಫೋನಿನಲ್ಲಿ ಹೇಳಲಾಗದೆ ಬಾಯಿ ಕಟ್ಟಿದ್ದು ಇದಕ್ಕೇ.

ಊರಿಗೆ ತಂದು ಗದ್ದೆ ಅಂಚಿನಲ್ಲಿ, ಅವನಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಆಗ ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟಿದ್ದರು. ಗುಂಡಿ ತೋಡುತ್ತಿದ್ದ ಹಾಗೆ ಪಕ್ಕದ ಗದ್ದೆಯಿಂದ ನೀರು ಜಿನುಗಲು ಶುರುವಾಯಿತು. ಎಷ್ಟು ಮಣ್ಣು ಒತ್ತಿದರೂ ನಿಲ್ಲಲಿಲ್ಲ. ಪಕ್ಕದ ಗದ್ದೆ ಚಿಕ್ಕತಾತನದು, ಅವತ್ತು ಅವನ ಸರದಿ. ಅವನು ದೂರದಲ್ಲಿ ಹುಣಸೆಮರದ ಕೆಳಗೆ ಒಬ್ಬನೇ ಕೂತಿದ್ದ. ಎಂಬತ್ತರ ಮುದುಕ. ಎದ್ದು ಬಂದು ಯಾರದೋ ಕೈಯಿಂದ ಸನಿಕೆ ಕಿತ್ತುಕೊಂಡ. ಕಾಲುವೆಗೆ ಹೋಗಿ ತನ್ನ ಮಡೆ ತಾನೇ ಮುಚ್ಚಿದ. ಇದ್ದ ನೀರನ್ನೆಲ್ಲ ಕೆಳಗಿನ ಹಳ್ಳಕ್ಕೆ ಬಸಿದುಬಿಟ್ಟ. ನಾಟಿ ಆಗಿ ವಾರವಾಗಿದ್ದ ಗದ್ದೆ ಅದು. ಯಾರೋ 'ಇನ್ನೊಂದ್ ಕಟ್ಟು ಬರೋಗಂಟ ನೀರಿಲ್ಲ ಕಣಣ್ಣೋ, ಪೈರು ಹೋಯ್ತದೆ' ಅಂದರು. ಅವನು ತಿರುಗಿಯೂ ನೋಡಲಿಲ್ಲ. ಗುಂಡಿ ಒಣಗುವವರೆಗೆ ಅಲ್ಲೇ ನಿಂತಿದ್ದ, ಸನಿಕೆ ಊರಿಕೊಂಡು. ಆ ರಾತ್ರಿಯ ವಿಷಯ ಅವನಿಗೆ ಗೊತ್ತಿತ್ತಾ, ಇಲ್ಲವಾ? ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಮೂರನೇ ದಿನ ಹಾಲುತುಪ್ಪ ಬಿಟ್ಟೆವು. ಹನ್ನೊಂದಕ್ಕೆ ತಿಥಿ. ನೀನು ಕಳಿಸಿದ ದುಡ್ಡನ್ನು ಅಜ್ಜಿಗೆ ಕೊಟ್ಟೆ, ಅವಳು ಸೀರೆ ಅಂಚಿಗೆ ಗಂಟು ಹಾಕಿಕೊಂಡು 'ಆ ಮಲ್ನಾಡ್ ಮಗು ಉಣ್ತಾ ಐತಾ ಸರಿಯಾಗಿ?' ಅಂತ ಕೇಳಿದಳು.

ಮೊನ್ನೆ ಜೂನ್ ಕೊನೆಯಲ್ಲಿ ಕಟ್ಟೆ ತುಂಬಿತು. ನೀನೂ ಸುದ್ದಿ ನೋಡಿರಬೇಕು. ಜೂನ್ ತಿಂಗಳಲ್ಲೇ ತುಂಬಿದ್ದು ಕಟ್ಟೆಯ ಚರಿತ್ರೆಯಲ್ಲೇ ಮೊದಲ ಸಲ. ಬೆಳಗ್ಗೆ ಪೇಪರಿನಲ್ಲಿ ಆ ಅಂಕಿ ನೋಡಿದವನಿಗೆ ಕೂರಲು ಆಗಲಿಲ್ಲ. ರಜೆ ಹಾಕಿ ಬನ್ನೂರು ಮೇಲಿನ ಬಸ್ಸು ಹಿಡಿದು ಊರಿಗೆ ಹೋದೆ. ಕೊಟ್ಟಿಗೆ ಬಾಗಿಲ ಹಿಂದೆ ತಾತನ ಅಂಕಿಗಳು ಹಾಗೇ ಇದ್ದವು, ಯಾರೂ ಒರೆಸಿರಲಿಲ್ಲ. ಕೊನೆಯದು ಜನವರಿಯದು. ಗೂಡಿನಲ್ಲಿ ಸೀಮೆಸುಣ್ಣದ ಚೂರು ಇತ್ತು. ಅದರ ಕೆಳಗೆ 124.80 ಅಂತ ಬರೆದೆ. ಅಜ್ಜಿ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಬಂದು ನಿಂತಳು. ಅವಳಿಗೆ ಓದಲು ಬರುವುದಿಲ್ಲ.

'ಎಷ್ಟು?'

ಹೇಳಿದೆ.

'ಸರಿಯಾಗ್ ನೋಡ್ದಾ?'

ಜೇಬಿನಿಂದ ಪೇಪರ್ ತೆಗೆದು, ಅಂಕಿ ಮೇಲೆ ಬೆರಳಿಟ್ಟು ತೋರಿಸಿದೆ. ಅಜ್ಜಿ ಕಣ್ಣು ಹತ್ತಿರ ತಂದು ಒಂದು ಸಲ ಪೇಪರ್ ನೋಡಿದಳು, ಒಂದು ಸಲ ಬಾಗಿಲು ನೋಡಿದಳು. ಎರಡೂ ಒಂದೇ ತರ ಇದೆಯಾ ಅಂತ ಗೀಟು ಗೀಟು ಹೊಂದಿಸಿದಳು. ಆಮೇಲೆ ಹಿತ್ತಿಲ ಬೇಲಿ ಕಡೆ ತಿರುಗಿ ಜೋರಾಗಿ ಚಿಕ್ಕತಾತನ ಮನೆಗೆ ಕೇಳುವ ಹಾಗೆ ಕೂಗಿದಳು, ಕಟ್ಟೆ ತುಂಬ್ತಂತೆ ಅಂತ. ಆ ಕಡೆಯಿಂದ ಕೆಮ್ಮು ಕೇಳಿಸಿತು, ಆಮೇಲೆ ಅವನ ದನಿ.

'ನಾಲೆಗೆ ಯಾವತ್ತು ಬಿಡ್ತಾರಂತೆ, ಕೇಳು.'